ಅಲ್ಲ, ಇಲ್ಲ, ಬೇಡ: ರೌಟರ್ ಸ್ಕ್ರಿಪ್ಟಿಗೆ ಯಾವ ಭಾಷೆಯ ‘ನಾಟ್’ ನಿಮಗೆ ಸರಿ?

ಈ ಮಳೆಗಾಲ ಶುರುವಾದ ಮೇಲೆ ಒಂದೇ ಪ್ರಶ್ನೆ ನನಗೆ ಮೂರು ಕಡೆಯಿಂದ ಬಂತು. ಮೊದಲು ಶಿರಸಿಯ ಗೆಳೆಯ. ಕೇಬಲ್ ಇಂಟರ್ನೆಟ್ ನಡೆಸುತ್ತಾನೆ, ಸುತ್ತಲಿನ ಹಳ್ಳಿಗಳಲ್ಲಿ ಮೈಕ್ರೋಟಿಕ್ ಕಂಪನಿಯ ಮೂವತ್ತು ಚಿಲ್ಲರೆ ರೌಟರ್ (ಒಂದು ನೆಟ್‌ವರ್ಕನ್ನು ಇನ್ನೊಂದಕ್ಕೆ ಜೋಡಿಸುವ ಪೆಟ್ಟಿಗೆ) ಇಟ್ಟಿದ್ದಾನೆ. ಆಮೇಲೆ ಕಾರವಾರದ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು. ಅವರ ಹತ್ತಿರ ಸಿಸ್ಕೋ ಕಂಪನಿಯದ್ದು ಇದೆ, ಜುನಿಪರ್ ಕಂಪನಿಯದ್ದು ಇದೆ, ಹೆಸರೇ ಅಳಿಸಿಹೋದ ಒಂದೆರಡು ಸ್ವಿಚ್ (ಕಟ್ಟಡದೊಳಗಿನ ಯಂತ್ರಗಳನ್ನು ಜೋಡಿಸುವ ಪೆಟ್ಟಿಗೆ) ಕೂಡ ಇವೆ. ಮೂರನೆಯವಳು ಕುಮಟಾದ ಹುಡುಗಿ, ನೆಟ್‌ವರ್ಕ್ ಕೆಲಸಕ್ಕೆ ಸೇರಬೇಕು ಅಂತ ಮನೆಯಲ್ಲೇ ಕೂತು ಕಲಿಯುತ್ತಿದ್ದಾಳೆ. ಮೂವರದ್ದೂ ಒಂದೇ ಮಾತು: ಒಂದೊಂದೇ ರೌಟರಿಗೆ ಲಾಗಿನ್ ಆಗಿ ಆಗಿ ಸಾಕಾಯ್ತು, ತಾನೇ ಓಡುವ ಕಮಾಂಡುಗಳ ಪಟ್ಟಿ, ಅಂದರೆ ಸ್ಕ್ರಿಪ್ಟ್ ಬರೀಬೇಕು, ಯಾವ ಭಾಷೆ ಹಿಡಿಯೋಣ?

ಅವರ ಮುಂದೆ ಇದ್ದದ್ದು ನಾಲ್ಕು. ಮೈಕ್ರೋಟಿಕ್ ರೌಟರಿನೊಳಗೇ ಬರುವ ರೌಟರ್‌ಒಎಸ್ ಸ್ಕ್ರಿಪ್ಟ್, ಎಲ್ಲ ಥರದ ಕೆಲಸಕ್ಕೂ ಬಳಸುವ ಪೈಥಾನ್, ಒಂದೇ ಕಡೆಯಿಂದ ಹಲವು ಯಂತ್ರಕ್ಕೆ ಆದೇಶ ಕಳಿಸುವ ಆನ್ಸಿಬಲ್, ಮತ್ತೆ ಜುನಿಪರ್ ಪೆಟ್ಟಿಗೆಯೊಳಗೇ ಓಡುವ ಸ್ಲ್ಯಾಕ್ಸ್. ವೇಗ ಎಷ್ಟು, ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಷ್ಟು ಅಂತ ಹೋಲಿಸಿದರೆ ಮುಗಿಯುವುದೇ ಇಲ್ಲ. ನಾನು ಅವರಿಗೆ ಹೇಳಿದ್ದು ಬೇರೆ. ಆ ಭಾಷೆ ‘ನಾಟ್’ ಅನ್ನುವುದನ್ನು ಹೇಗೆ ಹೇಳುತ್ತದೆ, ಅದೊಂದನ್ನು ನೋಡಿ ಅಂದೆ.

ಯಾಕೆ ಅಂದರೆ ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ‘ನಾಟ್’ ಮೇಲೇ ನಿಂತಿದೆ. ಲಿಂಕ್ ಇಲ್ಲದಿದ್ದರೆ ಬೇರೆ ಲಿಂಕಿಗೆ ಹಾಕು. ದುಡ್ಡು ಕಟ್ಟದವರ ಲೈನ್ ನಿಲ್ಲಿಸು. ನಮ್ಮವರಲ್ಲದವರು ಲಾಗಿನ್ ಪುಟಕ್ಕೆ ಬಂದರೆ ಬಿಡಬೇಡ. ಹೌದು ಅನ್ನುವ ಸಾಲು ತಪ್ಪಿದರೆ ಸಾಧಾರಣವಾಗಿ ಏನೂ ಆಗುವುದಿಲ್ಲ. ಇಲ್ಲ ಅನ್ನುವ ಸಾಲು ತಪ್ಪಿದರೆ ಎಲ್ಲರಿಗೂ ಅನ್ವಯ ಆಗಿಬಿಡುತ್ತದೆ.

ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಇಂಗ್ಲಿಷಿನವರು ಎಲ್ಲದಕ್ಕೂ ಒಂದೇ ‘ನಾಟ್’ ಹೊಡೆಯುತ್ತಾರೆ. ನಮ್ಮ ಹತ್ತಿರ ಮೂರಿವೆ. ‘ಇದು ಬಂಗಡೆ ಅಲ್ಲ’ ಅಂದರೆ ಮೀನು ಇದೆ, ಆದರೆ ಬೇರೆ ಜಾತಿ. ‘ಬಂಗಡೆ ಇಲ್ಲ’ ಅಂದರೆ ಇವತ್ತು ಬಂದೇ ಇಲ್ಲ. ‘ಬಂಗಡೆ ಬೇಡ’ ಅಂದರೆ ಬುಟ್ಟಿಯಿಂದ ತೆಗೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಈ ಮೂರನ್ನು ಅದಲು ಬದಲು ಮಾಡಿದರೆ ಮೀನು ಮಾರುವವಳು ನಿಮ್ಮ ಮುಖ ನೋಡುತ್ತಾಳೆ. ಕಂಪ್ಯೂಟರ್ ನೋಡುವುದಿಲ್ಲ, ಸುಮ್ನೆ ಮಾಡಿಬಿಡುತ್ತದೆ.

ಏನೇನು ನೋಡಬೇಕು

ಮೊದಲನೆಯದು ಇದೇ. ಅಲ್ಲ, ಇಲ್ಲ, ಬೇಡ, ಈ ಮೂರನ್ನು ಭಾಷೆ ಬೇರೆ ಬೇರೆಯಾಗಿ ಬರೆಯಲು ಬಿಡುತ್ತದಾ? ಎರಡನೆಯದು, ನೀವು ತಪ್ಪು ಬರೆದರೆ ಅದು ಕೂಗುತ್ತದಾ, ಬಾಯಿ ಮುಚ್ಚಿಕೊಂಡು ಓಡುತ್ತದಾ? ಮೂರನೆಯದು, ಸ್ಕ್ರಿಪ್ಟ್ ಎಲ್ಲಿ ಓಡುತ್ತದೆ? ರೌಟರಿನೊಳಗೇ ಓಡಿದರೆ ಹೊರಗಿನ ಲಿಂಕ್ ಕಡಿದರೂ ಕೆಲಸ ನಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದರೆ, ಲಿಂಕ್ ಸತ್ತ ಹೊತ್ತಲ್ಲಿ ಅದು ರೌಟರನ್ನು ಮುಟ್ಟುವುದೇ ಇಲ್ಲ. ಘಟ್ಟದ ಮೇಲಿನ ಮಳೆ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ. ನಾಲ್ಕನೆಯದು ಖರ್ಚು. ಭಾಷೆಗೆ ಯಾರೂ ದುಡ್ಡು ಕೇಳುವುದಿಲ್ಲ, ಪೆಟ್ಟಿಗೆಗೆ ಕೇಳುತ್ತಾರೆ, ಕಲಿಯುವ ಸಮಯಕ್ಕೂ ಬೆಲೆ ಇದೆ.

ಒಂದು ಮಾತು: ಕೆಳಗೆ ಕಮಾಂಡುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು, ಚಿಹ್ನೆಗಳು ಹಾಗೇ.

ರೌಟರ್‌ಒಎಸ್: ಒಂದೇ ಆಶ್ಚರ್ಯ ಚಿಹ್ನೆ, ಮೂರು ಕೆಲಸ

ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಸಣ್ಣ ಆಪರೇಟರುಗಳ ಕೈಯಲ್ಲಿ ನಾನು ಹೆಚ್ಚಾಗಿ ನೋಡಿದ್ದು ಇದೇ, ಪೆಟ್ಟು ತಿಂದದ್ದೂ ಇದರಲ್ಲೇ.

ಮೈಕ್ರೋಟಿಕ್‌ನಲ್ಲಿ ‘!’ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಅದರ ಅರ್ಥ. ‘ಪ್ರಿಂಟ್ ವೇರ್ !ರನ್ನಿಂಗ್’ ಅಂದರೆ ಓಡದ ಇಂಟರ್ಫೇಸುಗಳನ್ನು (ಪೋರ್ಟುಗಳನ್ನು) ತೋರಿಸು. ಇಲ್ಲಿ ಅದು ನಿಜ-ಸುಳ್ಳು ತಿರುಗಿಸುವ ನಾಟ್. ಫೈರ್‌ವಾಲ್ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅನ್ನುವ ನಿಯಮಗಳು) ಸಾಲಿನಲ್ಲಿ ‘ಸೋರ್ಸ್-ಅಡ್ರೆಸ್=!192.168.10.0/24’ (ಒತ್ತುವಾಗ src-address) ಅಂತ ಬರೆದರೆ, ಆ ನೆಟ್‌ವರ್ಕಿನದಲ್ಲದ ವಿಳಾಸ. ಇದು ನಮ್ಮ ‘ಅಲ್ಲ’. ಅದೇ ಚಿಹ್ನೆಯನ್ನು ಹೆಸರಿನ ಮುಂದೆ ತಂದು, ‘ಸೆಟ್’ ಕಮಾಂಡಿನಲ್ಲಿ ‘!ಸೋರ್ಸ್-ಅಡ್ರೆಸ್’ ಅಂದರೆ ಆ ಷರತ್ತನ್ನೇ ಕಿತ್ತುಹಾಕು ಅಂತ ಅರ್ಥ. ಇದು ‘ಬೇಡ’. ಸಮ ಚಿಹ್ನೆಯ ಆಚೆ ಇದ್ದರೆ ಅಲ್ಲ, ಈಚೆ ಬಂದರೆ ಬೇಡ. ಷರತ್ತು ಹೋದ ಸಾಲು ಆಮೇಲೆ ಎಲ್ಲ ವಿಳಾಸಕ್ಕೂ ತಗುಲುತ್ತದೆ. ಅದು ಡ್ರಾಪ್ (ಬಂದದ್ದನ್ನು ಬಿಸಾಡು) ಸಾಲಾಗಿದ್ದರೆ ಏನಾಗುತ್ತದೆ, ನೀವೇ ಯೋಚನೆ ಮಾಡಿ.

ಹಾಗಾದರೆ ‘ಇಲ್ಲ’ ಎಲ್ಲಿದೆ? ಅದಕ್ಕೆ ಚಿಹ್ನೆ ಇಲ್ಲ. ಎಣಿಸಬೇಕು. ‘ಫೈಂಡ್’ ಮಾಡಿ ಸಿಕ್ಕಿದ್ದರ ‘ಲೆನ್’ (ಎಣಿಕೆ) ಸೊನ್ನೆ ಇದೆಯಾ ಅಂತ ಕೇಳುವುದೇ ಅದರ ಪದ್ಧತಿ. ಎಣಿಸದೆ ನೇರ ‘ಗೆಟ್’ ಮಾಡಿದರೆ, ಸಿಗದ ವಸ್ತುವಿಗೆ ಸ್ಕ್ರಿಪ್ಟ್ ಅಲ್ಲೇ ತಪ್ಪು ಹೇಳಿ ನಿಂತುಬಿಡುತ್ತದೆ, ಕೆಳಗಿನ ಸಾಲುಗಳು ಓಡುವುದಿಲ್ಲ. ಇದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಕೂಗಿತಲ್ಲ.

ಇನ್ನೊಂದು ‘~’. ಎರಡು ಮೌಲ್ಯದ ನಡುವೆ ಇದ್ದರೆ ಅದು ಪಠ್ಯದ ಮಾದರಿ ಹೊಂದುತ್ತದಾ ಅಂತ ನೋಡುತ್ತದೆ. ಒಂಟಿಯಾಗಿ ವಿಳಾಸದ ಮುಂದೆ ನಿಂತರೆ ಬಿಟ್ಟುಗಳನ್ನೆಲ್ಲ (ಒಳಗಿನ ಸೊನ್ನೆ-ಒಂದುಗಳನ್ನು) ತಿರುಗಿಸುತ್ತದೆ: ~255.255.255.0 ಅಂದರೆ 0.0.0.255. ಇದನ್ನು ನಾಟ್ ಅಂದುಕೊಂಡು ಷರತ್ತಿನಲ್ಲಿ ಹಾಕುವವರನ್ನು ನೋಡಿದ್ದೇನೆ. ಮಾದರಿ ಹೊಂದದ್ದು ಬೇಕಾದರೆ ನಾನು ಇಡೀ ಮಾತನ್ನು ಆವರಣದಲ್ಲಿ ಹಾಕಿ ಹೊರಗೆ ‘!’ ಇಡುತ್ತೇನೆ: ‘!(ಕಾಮೆಂಟ್~"ಹಳೇದು")’. ಆವರಣಕ್ಕೆ ಜಿಪುಣತನ ಮಾಡಬೇಡಿ.

ಈಗ ಪೆಟ್ಟಿನ ಕಥೆ. ಎರಡು ವರ್ಷದ ಹಿಂದೆ ಶಿರಸಿಯ ಒಂದು ಮುಖ್ಯ ರೌಟರಿಗೆ ನಾನೇ ಒಂದು ಸಾಲು ಹಾಕಿದ್ದೆ. ಇನ್‌ಪುಟ್ ಚೈನ್ (ರೌಟರಿಗೇ ಬರುವವರ ನಿಯಮಗಳು, ಅದನ್ನು ದಾಟಿ ಹೋಗುವವರದ್ದಲ್ಲ), ‘ಸೋರ್ಸ್-ಅಡ್ರೆಸ್-ಲಿಸ್ಟ್=!ನಮ್ಮವರು’, ಆಕ್ಷನ್ ಡ್ರಾಪ್. ನಮ್ಮವರ ಪಟ್ಟಿಯಲ್ಲಿ ಇಲ್ಲದವರು ರೌಟರಿಗೆ ಲಾಗಿನ್ ಆಗಬಾರದು, ಅಷ್ಟೇ. ಪಟ್ಟಿಗೆ ನನ್ನ ವಿಳಾಸ, ಗೆಳೆಯನ ವಿಳಾಸ ಸೇರಿಸುವಾಗ ಶಾಣ್ಯಾತನ ಮಾಡಿ ಒಂದೊಂದಕ್ಕೂ ಮೂವತ್ತು ದಿನದ ಟೈಮ್‌ಔಟ್ ಕೊಟ್ಟೆ. ಹಳೆಯವು ತಾವಾಗೇ ಹೋಗಲಿ ಅಂತ. ವಾರದೊಳಗೆ ಒಂದು ರಾತ್ರಿ ಜೋರು ಮಳೆ, ಕರೆಂಟ್ ಹೋಯಿತು, ಬ್ಯಾಟರಿಯೂ ಮುಗಿಯಿತು. ಬೆಳಿಗ್ಗೆ ಕರೆಂಟ್ ಬಂದು ರೌಟರ್ ಎದ್ದಿತು. ಟೈಮ್‌ಔಟ್ ಇರುವ ವಿಳಾಸಗಳು ಮೆಮೊರಿಯಲ್ಲಷ್ಟೇ ಇರುತ್ತವೆ, ರೀಬೂಟ್ ಆದರೆ ಹೋಗುತ್ತವೆ. ಪಟ್ಟಿ ಖಾಲಿ. ಖಾಲಿ ಪಟ್ಟಿಯಲ್ಲಿ ಯಾರೂ ಇಲ್ಲ, ಅಂದರೆ ಲೋಕದ ಎಲ್ಲರೂ ‘ನಮ್ಮವರಲ್ಲದವರು’. ನಾನೂ.

ಗಿರಾಕಿಗಳ ಇಂಟರ್ನೆಟ್ ಚೆನ್ನಾಗೇ ನಡೆಯುತ್ತಿತ್ತು. ನಾವಿಬ್ಬರೇ ಹೊರಗೆ. ಗೆಳೆಯ ಆ ದಿನ ಊರಲ್ಲಿರಲಿಲ್ಲ. ಕಾರವಾರದಿಂದ ಹೊರಟು, ಕುಮಟಾದಲ್ಲಿ ಚಹಾ ಕುಡಿದು, ದೇವಿಮನೆ ಘಟ್ಟ ಹತ್ತಿ, ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ, ವಿನ್‌ಬಾಕ್ಸ್ ಅನ್ನುವ ಮೈಕ್ರೋಟಿಕ್ ತಂತ್ರಾಂಶದಲ್ಲಿ ಮ್ಯಾಕ್ ವಿಳಾಸದ (ಪೋರ್ಟಿನ ಸ್ವಂತ ವಿಳಾಸ, ಐಪಿ ಅಲ್ಲ) ಮೂಲಕ ಒಳಗೆ ಹೋದೆ. ಆ ದಾರಿಗೆ ಐಪಿ ಫೈರ್‌ವಾಲ್ ಅಡ್ಡ ಬರುವುದಿಲ್ಲ. ಕೆಲಸ ಎರಡು ನಿಮಿಷದ್ದು. ಟೈಮ್‌ಔಟ್ ಇಲ್ಲದೆ ವಿಳಾಸ ಸೇರಿಸಿದೆ, ನಮ್ಮ ನಿರ್ವಹಣೆಯ ಸಬ್‌ನೆಟ್ಟಿಗೆ (ವಿಳಾಸಗಳ ಗುಂಪಿಗೆ) ಮೊದಲು ಒಂದು ಅಕ್ಸೆಪ್ಟ್ (ಒಳಗೆ ಬಿಡು) ಸಾಲು ಹಾಕಿದೆ, ಅದರ ಕೆಳಗೆ ‘!’ ಇಲ್ಲದ ಬರಿ ಡ್ರಾಪ್. ರೌಟರ್‌ಒಎಸ್‌ನಲ್ಲಿ ಕಂಟ್ರೋಲ್-ಎಕ್ಸ್ ಒತ್ತಿದರೆ ಸೇಫ್ ಮೋಡ್ ಸಿಗುತ್ತದೆ, ಸಂಪರ್ಕ ಕಡಿದರೆ ಮಾಡಿದ ಬದಲಾವಣೆ ವಾಪಸ್ ಆಗುತ್ತದೆ. ಒಳ್ಳೆಯ ಸೌಲಭ್ಯ, ದಿನಾ ಬಳಸಿ. ಆದರೆ ಇಲ್ಲಿ ಅದು ಏನೂ ಮಾಡುತ್ತಿರಲಿಲ್ಲ. ನಾನು ಬರೆದ ದಿನ ಸಾಲು ಸರಿಯಾಗೇ ಇತ್ತು. ಪಟ್ಟಿ ಖಾಲಿಯಾದ ದಿನ ತಪ್ಪಾಯಿತು.

ಹೀಗಿದ್ದೂ ಇದನ್ನು ಬಿಡಿ ಅನ್ನುವುದಿಲ್ಲ. ಪೆಟ್ಟಿಗೆ ತಗೊಂಡರೆ ಭಾಷೆ ಒಳಗೇ ಬಂತು, ಬೇರೆ ಸರ್ವರ್ ಬೇಡ, ಹೊರಗಿನ ಲಿಂಕ್ ಸತ್ತಾಗಲೂ ಓಡುತ್ತದೆ. ಒಂದು ಕಿವಿಮಾತು: ಎರಡು ಲಿಂಕಿನ ನಡುವೆ ಬದಲಾಯಿಸುವುದಷ್ಟೇ ಬೇಕಿದ್ದರೆ ಸ್ಕ್ರಿಪ್ಟೇ ಬೇಡ. ಎರಡು ಡೀಫಾಲ್ಟ್ ರೂಟಿಗೆ (ಹೊರಗೆ ಹೋಗುವ ದಾರಿಗೆ) ಬೇರೆ ಬೇರೆ ಡಿಸ್ಟೆನ್ಸ್ (ಆದ್ಯತೆಯ ಸಂಖ್ಯೆ) ಕೊಟ್ಟು ‘ಚೆಕ್-ಗೇಟ್‌ವೇ=ಪಿಂಗ್’ ಹಾಕಿ. ಬರೆಯದ ನಾಟ್ ತಪ್ಪಾಗುವುದಿಲ್ಲ.

ಪೈಥಾನ್: ‘ನಾಟ್’ ಅಂದರೆ ಖಾಲಿಯೂ ಹೌದು

ಪೈಥಾನಿನಲ್ಲಿ ಮೂರು ಮಾತಿಗೆ ಮೂರು ರೂಪ ಸಿಗುತ್ತದೆ. ‘!=’ ಅಲ್ಲಕ್ಕೆ, ‘ಈಸ್ ನನ್’ ಮತ್ತು ‘ನಾಟ್ ಇನ್’ ಇಲ್ಲಕ್ಕೆ, ‘ಡೆಲ್’ ಬೇಡಕ್ಕೆ. ತೊಂದರೆ ಏನು ಅಂದರೆ ಇವೆಲ್ಲ ಇದ್ದರೂ ಎಲ್ಲರೂ ಬರೆಯುವುದು ಬರಿ ‘ಇಫ್ ನಾಟ್’. ಅದು ಸುಳ್ಳಿಗೂ ಹೌದು ಅನ್ನುತ್ತದೆ, ಸೊನ್ನೆಗೂ, ಖಾಲಿ ಪಟ್ಟಿಗೂ, ಖಾಲಿ ಪಠ್ಯಕ್ಕೂ, ಏನೂ ಇಲ್ಲದ ‘ನನ್’ಗೂ.

ರೌಟರುಗಳ ಪೋರ್ಟಿನಲ್ಲಿ ಎಷ್ಟು ದೋಷ ಬಂದಿದೆ ಅಂತ ದಿನಾ ಬೆಳಿಗ್ಗೆ ವರದಿ ಕೊಡುವ ಸ್ಕ್ರಿಪ್ಟ್ ನಂದೊಂದಿತ್ತು. ರೌಟರಿಗೆ ಹೋಗಿ, ಉತ್ತರದಿಂದ ಸಂಖ್ಯೆ ಹೆಕ್ಕಿ, ‘ಇಫ್ ನಾಟ್ ಎರರ್ಸ್’ ಆದರೆ ಹಸಿರು ಬಣ್ಣ. ಒಂದು ಅಪ್‌ಗ್ರೇಡ್ ಆದ ಮೇಲೆ ಉತ್ತರದ ಸಾಲು ಸ್ವಲ್ಪ ಬದಲಾಯಿತು. ಹೆಕ್ಕುವ ಮಾದರಿಗೆ ಏನೂ ಸಿಗಲಿಲ್ಲ, ‘ನನ್’ ಬಂತು. ನಾಟ್ ನನ್ ಅಂದರೆ ನಿಜ. ಹತ್ತು ದಿನ ಎಲ್ಲ ಊರೂ ಹಸಿರೋ ಹಸಿರು. ‘ದೋಷ ಸೊನ್ನೆ’ ಅನ್ನುವುದಕ್ಕೂ ‘ಉತ್ತರವೇ ಬಂದಿಲ್ಲ’ ಅನ್ನುವುದಕ್ಕೂ ಒಂದೇ ಬಣ್ಣ ಕೊಟ್ಟಿದ್ದೆ ನಾನು. ಈಗ ಮೊದಲು ‘ಈಸ್ ನನ್’ ಕೇಳುತ್ತೇನೆ, ಅದಕ್ಕೆ ಬೂದು ಬಣ್ಣ. ಆಮೇಲೆ ‘== 0’.

ಇನ್ನೆರಡು ಚಿಕ್ಕ ಗುಂಡಿ. ‘ನಾಟ್ ಎ == ಬಿ’ ಅಂದರೆ ಪೈಥಾನ್ ಮೊದಲು ಹೋಲಿಸಿ ಆಮೇಲೆ ತಿರುಗಿಸುತ್ತದೆ. ಸಿ ಭಾಷೆಯಲ್ಲಿ ‘!ಎ == ಬಿ’ ಬರೆದರೆ ಮೊದಲು ಎ ಮಾತ್ರ ತಿರುಗುತ್ತದೆ. ಆಮೇಲೆ ‘~ಟ್ರೂ’ ಅಂದರೆ ಸುಳ್ಳು ಅಲ್ಲ, -2. ಅದು ಷರತ್ತಿನಲ್ಲಿ ನಿಜ ಅಂತಲೇ ನಡೆಯುತ್ತದೆ. ಪೈಥಾನ್ 3.12ರಿಂದ ಇದಕ್ಕೆ ಎಚ್ಚರಿಕೆ ಬರುತ್ತದೆ.

ಪೈಥಾನಿನಲ್ಲಿ ನನಗೆ ತುಂಬ ಇಷ್ಟವಾದ ‘ಇಲ್ಲ’ ಮಾತ್ರ ನಾಟ್ ಅನ್ನುವ ಶಬ್ದದಲ್ಲಿ ಇಲ್ಲ, ಕಳೆಯುವ ಚಿಹ್ನೆಯಲ್ಲಿದೆ. ಇರಬೇಕಾದ ವಿಲ್ಯಾನುಗಳ (ಒಂದೇ ಸ್ವಿಚ್ಚಿನೊಳಗೆ ಬೇರೆ ಮಾಡಿದ ನೆಟ್‌ವರ್ಕುಗಳ) ಸೆಟ್ಟಿನಿಂದ ಇರುವ ವಿಲ್ಯಾನುಗಳ ಸೆಟ್ ಕಳೆಯಿರಿ. ಉಳಿದದ್ದು ಇಲ್ಲದವು. ತಿರುಗಿಸಿ ಕಳೆದರೆ ಬೇಡದವು. ಎರಡು ಸಾಲಲ್ಲಿ ಇಡೀ ಸ್ವಿಚ್ಚಿನ ಲೆಕ್ಕ ಮುಗಿಯುತ್ತದೆ. ಶಿರಸಿ ಕಡೆ ಅಡಿಕೆ ತೂಕ ಮಾಡಿದ ಚೀಲದ ಪಟ್ಟಿ ಒಂದು ಕೈಲಿ, ಬಂದ ಚೀಲದ ಪಟ್ಟಿ ಇನ್ನೊಂದು ಕೈಲಿ ಹಿಡಿದು ತಾಳೆ ಹಾಕುತ್ತಾರಲ್ಲ, ಹಾಗೇ.

ಪೈಥಾನಿನ ಬೆಲೆ ಸಮಯ. ನೆಟ್‌ಮಿಕೋ, ನೇಪಾಮ್ ಥರದ ಲೈಬ್ರರಿ ಸಿಗುತ್ತದೆ, ಹಲವು ಕಂಪನಿಯ ಪೆಟ್ಟಿಗೆಗೆ ನಡೆಯುತ್ತದೆ, ಆದರೆ ಸಂಪರ್ಕ ಕಡಿದರೆ ಏನು, ಅರ್ಧಕ್ಕೆ ನಿಂತರೆ ಏನು, ಎಲ್ಲ ನೀವೇ ಬರೆಯಬೇಕು.

ಆನ್ಸಿಬಲ್: ಓದಲು ಸುಲಭ, ‘ನೋ’ ಮಾತ್ರ ಮೋಸ

ಆನ್ಸಿಬಲ್ ನಿಮ್ಮ ಲಿನಕ್ಸ್ ಯಂತ್ರದಲ್ಲಿ ಓಡುತ್ತದೆ, ವಿಂಡೋಸ್ ಇದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ. ಸ್ವಿಚ್ಚಿನೊಳಗೆ ಏನೂ ಹಾಕಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪ್ ಸಾಕು. ಇದರಲ್ಲಿ ಮೂರೂ ಮಾತು ಇಂಗ್ಲಿಷ್ ಓದಿದಷ್ಟು ಸಲೀಸು: ‘!=’ ಅಲ್ಲ, ‘ಈಸ್ ನಾಟ್ ಡಿಫೈನ್ಡ್’ ಇಲ್ಲ, ‘ಸ್ಟೇಟ್: ಆಬ್ಸೆಂಟ್’ ಬೇಡ. ಮೂರೂ ಬೇರೆ ಬೇರೆ ಜಾಗದಲ್ಲಿ ಕೂರುತ್ತವೆ, ಹಾಗಾಗಿ ಬೆರೆಯುವುದು ಕಮ್ಮಿ. ಇಲ್ಲದ ವೇರಿಯಬಲ್ (ಮೌಲ್ಯ ಇಡುವ ಹೆಸರು) ಮೇಲೆ ‘ನಾಟ್’ ಹಾಕಿದರೆ ಡಿಫೈನ್ ಆಗಿಲ್ಲ ಅಂತ ಕೂಗಿ ನಿಲ್ಲುತ್ತದೆ. ಪೈಥಾನಿನ ಹಸಿರು ವರದಿಯ ಕಥೆ ಇಲ್ಲಿ ಅಷ್ಟು ಸುಲಭಕ್ಕೆ ಆಗಲಾರದು.

ಆದರೆ ಫೈಲ್ ಬರೆಯುವುದು ಯಾಮಲ್ ಅನ್ನುವ ಬರವಣಿಗೆಯ ಪದ್ಧತಿಯಲ್ಲಿ. ಯಾಮಲ್‌ನ 1.1 ಪದ್ಧತಿಯಲ್ಲಿ ‘ನೋ’, ‘ಆಫ್’ ಅಂತ ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ಅದು ಪದ ಅಲ್ಲ, ಸುಳ್ಳು ಅನ್ನುವ ಬೂಲಿಯನ್ (ನಿಜ-ಸುಳ್ಳು ಮೌಲ್ಯ). ನಾರ್ವೆ ದೇಶದ ಎರಡಕ್ಷರದ ಸಂಕೇತ ಇದೇ ‘ನೋ’ ಆದ್ದರಿಂದ ಈ ತೊಂದರೆಗೆ ನಾರ್ವೆ ಸಮಸ್ಯೆ ಅಂತಲೇ ಹೆಸರು ಬಿದ್ದಿದೆ. ನಮಗೆ ನಾರ್ವೆ ಕಟ್ಟಿಕೊಂಡು ಏನೂ ಆಗಬೇಕಿಲ್ಲ, ಆದರೆ ಮೈಕ್ರೋಟಿಕ್‌ನ ಸಾಲು ‘ಡಿಸೇಬಲ್ಡ್=ನೋ’ ಅಂತ ಇರುತ್ತದೆ ನೋಡಿ. ವೇರಿಯಬಲ್ ಫೈಲಿನಲ್ಲಿ ‘ಡಿಸೇಬಲ್ಡ್: ನೋ’ ಅಂತ ಬರೆದು ಟೆಂಪ್ಲೇಟಿಗೆ (ಸಾಲು ತಯಾರಿಸುವ ಅಚ್ಚಿಗೆ) ಕೊಟ್ಟರೆ ಹೊರಗೆ ಬರುವುದು ‘ಡಿಸೇಬಲ್ಡ್=ಫಾಲ್ಸ್’. ರೌಟರಿಗೆ ಅದು ಅರ್ಥವಾಗುವುದಿಲ್ಲ. ‘ನೋ’ಗೆ ಉದ್ಧರಣ ಚಿಹ್ನೆ ಹಾಕಿ, ಮುಗಿಯಿತು.

ಇದರ ಉಲ್ಟಾ ಇನ್ನೂ ಕೆಟ್ಟದ್ದು. ಕಮಾಂಡ್ ಸಾಲಿನಲ್ಲಿ ‘-ಇ ಎನೇಬಲ್ಡ್=ಫಾಲ್ಸ್’ ಅಂತ ಕೊಟ್ಟರೆ ಅದು ಬೂಲಿಯನ್ ಅಲ್ಲ, ಐದಕ್ಷರದ ಪಠ್ಯ. ಖಾಲಿ ಅಲ್ಲದ ಪಠ್ಯ ನಿಜ. ‘ವೆನ್: ನಾಟ್ ಎನೇಬಲ್ಡ್’ ಅಂತ ಬರೆದಿದ್ದರೆ ಕೆಲಸ ನಡೆಯಬೇಕಿತ್ತು, ನಡೆಯುವುದಿಲ್ಲ. ಆನ್ಸಿಬಲ್-ಕೋರ್ 2.19ರಿಂದ ಷರತ್ತಿನ ಉತ್ತರ ಬೂಲಿಯನ್ ಆಗಿರದಿದ್ದರೆ ತಪ್ಪು ಅಂತ ನಿಲ್ಲಿಸುತ್ತದೆ. ಆದರೆ ನಾಟ್ ಹಾಕಿದ ಕೂಡಲೇ ಉತ್ತರ ಬೂಲಿಯನ್ ಆಗಿಬಿಡುತ್ತದಲ್ಲ, ಹಾಗಾಗಿ ಈ ಸಾಲು ಆ ಜರಡಿಯಿಂದಲೂ ಸೋರಿಹೋಗುತ್ತದೆ. ‘ನಾಟ್ (ಎನೇಬಲ್ಡ್ | ಬೂಲ್)’ ಅಂತ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಲ್ಯಾಬಿನವರು ಮೊದಲ ದಿನವೇ ಬಿದ್ದದ್ದು ‘ಅಥವಾ’ದಲ್ಲಿ. ಕೋರ್ (ನಡುವಿನ) ಅಥವಾ ಎಡ್ಜ್ (ಅಂಚಿನ) ಅಲ್ಲದ ಸ್ವಿಚ್ಚುಗಳು ಬೇಕಿತ್ತು. ಬಾಯಲ್ಲಿ ಹೇಳಿದ ಹಾಗೇ ಬರೆದರು: ರೋಲ್ != ಕೋರ್ ಆರ್ ರೋಲ್ != ಎಡ್ಜ್. ಕೋರ್ ಸ್ವಿಚ್ ಎಡ್ಜ್ ಅಲ್ಲ, ಎಡ್ಜ್ ಸ್ವಿಚ್ ಕೋರ್ ಅಲ್ಲ. ಎಲ್ಲವೂ ಪಾಸ್. ಚಹಾ ಅಥವಾ ಕಾಫಿ ಕುಡಿಯದವರು ಅಂದರೆ ಎರಡನ್ನೂ ಕುಡಿಯದವರು ಅಂತ ನಮಗೆ ಗೊತ್ತು, ಯಂತ್ರಕ್ಕೆ ‘ಆ್ಯಂಡ್’ ಅಂತಲೇ ಹೇಳಬೇಕು. ಇನ್ನೂ ಸಲೀಸು ‘ರೋಲ್ ನಾಟ್ ಇನ್’ ಅಂತ ಪಟ್ಟಿ ಕೊಡುವುದು. ‘ವೆನ್’ ಕೆಳಗೆ ಸಾಲು ಸಾಲಾಗಿ ಷರತ್ತು ಬರೆದರೆ ಅವುಗಳ ನಡುವೆ ಯಾವಾಗಲೂ ‘ಆ್ಯಂಡ್’ ಅನ್ನುವುದೂ ನೆನಪಿರಲಿ.

ಯಾವ ಗುಂಪು ಬಿಟ್ಟು ಓಡಿಸಬೇಕು ಅನ್ನುವುದಕ್ಕೂ ‘!’ ಇದೆ: ‘ಆಲ್:!ಘಟ್ಟ’. ಅದನ್ನು ಒಂಟಿ ಉದ್ಧರಣದಲ್ಲೇ ಬರೆಯಿರಿ. ಜೋಡಿ ಉದ್ಧರಣದಲ್ಲಿ ಬರೆದರೆ ಬ್ಯಾಷ್ (ಲಿನಕ್ಸಿನಲ್ಲಿ ಕಮಾಂಡ್ ಓದುವ ತಂತ್ರಾಂಶ) ಆ ‘!’ ನೋಡಿ ಹಳೆಯ ಕಮಾಂಡ್ ಹುಡುಕಲು ಹೋಗುತ್ತದೆ.

ಸಿಸ್ಕೋಗೆ ಕಳಿಸುವ ‘ನೋ’ ಸಾಲುಗಳದ್ದು ಇನ್ನೊಂದು ಥರ. ‘ನೋ ಶಟ್‌ಡೌನ್’ ಕಳಿಸಿದರೆ ಪೋರ್ಟ್ ಏಳುತ್ತದೆ, ಆದರೆ ಆ ಸಾಲು ರನ್ನಿಂಗ್ ಕಾನ್ಫಿಗ್‌ನಲ್ಲಿ (ಸ್ವಿಚ್ ಈಗ ಪಾಲಿಸುತ್ತಿರುವ ಸಾಲುಗಳ ಪಟ್ಟಿಯಲ್ಲಿ) ಕಾಣುವುದಿಲ್ಲ. ಆನ್ಸಿಬಲ್ ಸಾಲು ಹುಡುಕುತ್ತದೆ, ಸಿಗುವುದಿಲ್ಲ, ಪ್ರತಿ ಸಲ ಮತ್ತೆ ಕಳಿಸಿ ‘ಬದಲಾಯಿತು’ ಅನ್ನುತ್ತದೆ. ಹಾನಿ ಇಲ್ಲ, ಕಿರಿಕಿರಿ. ಇಂಟರ್ಫೇಸಿಗೆ ಅಂತಲೇ ಇರುವ ಮಾಡ್ಯೂಲ್ ಬಳಸಿದರೆ ತಪ್ಪುತ್ತದೆ.

ಸ್ಲ್ಯಾಕ್ಸ್: ಬುಟ್ಟಿಯ ಲೆಕ್ಕ ಗೊತ್ತಿದ್ದವರಿಗೆ

ಸ್ಲ್ಯಾಕ್ಸ್ ಜುನಿಪರ್‌ನವರದು. ಒಳಗೆ ಇರುವುದು ಎಕ್ಸ್‌ಎಮ್‌ಎಲ್ ಮಾಹಿತಿಯನ್ನು ರೂಪ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆ, ಬರೆಯುವುದಕ್ಕೆ ಮಾತ್ರ ಸಿ, ಪರ್ಲ್ ಥರದ ವೇಷ. ಕಾನ್ಫಿಗ್ ಹುಡುಕುವುದು ಎಕ್ಸ್‌ಪಾಥ್ ಅನ್ನುವ ಹುಡುಕುವ ಭಾಷೆಯಲ್ಲಿ. ಇಲ್ಲಿಯ ನಾಟ್ ಅರ್ಥವಾಗಬೇಕಾದರೆ ಮತ್ತೆ ಮೀನು ಮಾರ್ಕೆಟ್ಟಿಗೆ ಹೋಗಬೇಕು.

ಎಕ್ಸ್‌ಪಾಥ್‌ನಲ್ಲಿ ‘ಮೀನು != ಬಂಗಡೆ’ ಅಂದರೆ, ಬುಟ್ಟಿಯಲ್ಲಿ ಬಂಗಡೆ ಅಲ್ಲದ ಮೀನು ಒಂದಾದರೂ ಇದೆ ಅಂತ. ‘ನಾಟ್(ಮೀನು = ಬಂಗಡೆ)’ ಅಂದರೆ, ಬುಟ್ಟಿಯಲ್ಲಿ ಬಂಗಡೆ ಒಂದೂ ಇಲ್ಲ ಅಂತ. ಬಂಗಡೆ, ತಾರ್ಲೆ ಎರಡೂ ಇರುವ ಬುಟ್ಟಿಗೆ ಮೊದಲನೆಯದು ನಿಜ, ಎರಡನೆಯದು ಸುಳ್ಳು. ಖಾಲಿ ಬುಟ್ಟಿಗೆ ಉಲ್ಟಾ: ಮೊದಲನೆಯದು ಸುಳ್ಳು, ಎರಡನೆಯದು ನಿಜ.

ಇದನ್ನೇ ರೌಟರಿಗೆ ತನ್ನಿ. ಎನ್‌ಟಿಪಿ ಸರ್ವರ್ (ಗಡಿಯಾರ ಸರಿಹೊಂದಿಸುವ ಯಂತ್ರ) 10.1.1.1 ಇಲ್ಲದ ರೌಟರುಗಳಿಗೆ ಎಚ್ಚರಿಕೆ ಕೊಡಬೇಕು ಅಂತಿಟ್ಟುಕೊಳ್ಳಿ. ‘ಸರ್ವರ್/ನೇಮ್ != 10.1.1.1’ ಬರೆದರೆ, ಸರಿಯಾದ ಸರ್ವರ್ ಜೊತೆ ಎರಡನೆಯದೊಂದು ಇಟ್ಟುಕೊಂಡ ಒಳ್ಳೆಯ ರೌಟರ್ ಬೈಸಿಕೊಳ್ಳುತ್ತದೆ. ಎನ್‌ಟಿಪಿಯೇ ಇಲ್ಲದ ರೌಟರ್ ಸದ್ದಿಲ್ಲದೆ ಪಾರಾಗುತ್ತದೆ. ಬೇಕಾದದ್ದು ‘ನಾಟ್(ಸರ್ವರ್/ನೇಮ್ = 10.1.1.1)’. ಡಿಸ್ಕ್ರಿಪ್ಷನ್ ಇಲ್ಲದ ಇಂಟರ್ಫೇಸುಗಳದ್ದೂ ಇದೇ ಕಥೆ: ‘ಡಿಸ್ಕ್ರಿಪ್ಷನ್ != ಅಪ್‌ಲಿಂಕ್’ ಅಂತ ಹುಡುಕಿದರೆ, ಡಿಸ್ಕ್ರಿಪ್ಷನ್ನೇ ಬರೆಯದವು ಪಟ್ಟಿಗೆ ಬರುವುದೇ ಇಲ್ಲ.

ಹೊಸಬರಿಗೆ ಇದು ತಲೆನೋವು. ನನ್ನ ಮಟ್ಟಿಗೆ ಮಾತ್ರ, ನಾಲ್ಕರಲ್ಲಿ ‘ಅಲ್ಲ’ ಮತ್ತು ‘ಇಲ್ಲ’ವನ್ನು ಇಷ್ಟು ಕಟ್ಟುನಿಟ್ಟಾಗಿ ಬೇರೆ ಇಟ್ಟ ಭಾಷೆ ಇದೊಂದೇ. ತಪ್ಪಿದರೆ ಕೂಗುವುದಿಲ್ಲ, ಅದೇ ಅದರ ಕೊರತೆ. ‘ಬೇಡ’ಕ್ಕೆ ಜುನಿಪರ್‌ನಲ್ಲಿ ಎರಡು ದಾರಿ. ‘ಡಿಲೀಟ್’ ಅಂದರೆ ಹೋಯಿತು, ‘ಡಿಆ್ಯಕ್ಟಿವೇಟ್’ ಅಂದರೆ ಸಾಲು ಅಲ್ಲೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಮತ್ತೆ ಬೇಕಾದರೆ ಎಬ್ಬಿಸಬಹುದು.

ಇದರ ನಿಜವಾದ ಲಾಭ ಬೇರೆ ಕಡೆ ಇದೆ. ಕಮಿಟ್ ಸ್ಕ್ರಿಪ್ಟ್ ಅಂತ ಬರೆದಿಟ್ಟರೆ ಯಾರು ಕಾನ್ಫಿಗ್ ಕಮಿಟ್ ಮಾಡಿದರೂ (ಜಾರಿಗೆ ತರಹೊರಟರೂ) ಅದು ಮೊದಲು ಓಡುತ್ತದೆ. ‘ಹೋಸ್ಟ್-ನೇಮ್ (ರೌಟರಿನ ಹೆಸರು) ಇಲ್ಲ’ ಅಂತ ಕಂಡರೆ ದೋಷ ಹೊರಡಿಸಿ ಕಮಿಟ್ಟನ್ನೇ ತಡೆಯುತ್ತದೆ. ತಪ್ಪಾದ ಸಾಲು ರೌಟರಿಗೆ ಇಳಿಯುವ ಮೊದಲೇ ಹಿಡಿಯುವ ಕೆಲಸ ರೌಟರ್‌ಒಎಸ್ ಸ್ಕ್ರಿಪ್ಟಿನಲ್ಲಾಗಲಿ ಆನ್ಸಿಬಲ್‌ನಲ್ಲಾಗಲಿ ಹೀಗೆ ಪೆಟ್ಟಿಗೆಯೊಳಗೆ ಸಿಗುವುದಿಲ್ಲ. ಜೊತೆಗೆ ‘ಕಮಿಟ್ ಕನ್ಫರ್ಮ್ಡ್’ ಅಂದರೆ, ನೀವು ಮತ್ತೆ ಹೂಂ ಅನ್ನದಿದ್ದರೆ ಹತ್ತು ನಿಮಿಷಕ್ಕೆ ತಾನೇ ಹಳೆಯದಕ್ಕೆ ಹೋಗುತ್ತದೆ. ಘಟ್ಟ ಹತ್ತುವುದು ತಪ್ಪುತ್ತದೆ. ಆದರೆ ಇದಕ್ಕಾಗಿಯೇ ಜುನಿಪರ್ ಕೊಳ್ಳುವುದು ಸಣ್ಣ ಆಪರೇಟರಿಗೆ ಹುಚ್ಚುತನ. ಇದ್ದರೆ ಬಳಸಿ.

ಯಾರಿಗೆ ಏನು ಹೇಳಿದೆ

ಶಿರಸಿಯ ಗೆಳೆಯನಿಗೆ ರೌಟರ್‌ಒಎಸ್. ಹೊಸದಾಗಿ ಒಂದು ರೂಪಾಯಿ ಹಾಕಬೇಕಾಗಿಲ್ಲ, ಲಿಂಕ್ ಹೋದಾಗ ರೌಟರ್ ತಾನೇ ನಿರ್ಧಾರ ಮಾಡುತ್ತದೆ. ಒಂದೇ ಷರತ್ತು ಹಾಕಿದೆ: ಫೈರ್‌ವಾಲ್‌ನಲ್ಲಿ ‘!’ ಮತ್ತು ಡ್ರಾಪ್ ಒಂದೇ ಸಾಲಿನಲ್ಲಿ ಇರಬಾರದು. ಅಕ್ಸೆಪ್ಟ್ ಮೊದಲು, ಡ್ರಾಪ್ ಕೊನೆಗೆ. ಹಣ ಕಟ್ಟದವರ ಪಟ್ಟಿ ಮಾಡುವ ಕೆಲಸ ಮಾತ್ರ ರೌಟರಿನಲ್ಲಿ ಬೇಡ, ಪೈಥಾನಿನಲ್ಲಿ ಸೆಟ್ ಕಳೆದು ಮಾಡು ಅಂದೆ. ಕಟ್ಟಿದವರ ಫೈಲ್ ಯಾವುದೋ ಕಾರಣಕ್ಕೆ ಖಾಲಿ ಬಂದರೆ ಊರಿಡೀ ಲೈನ್ ಕಟ್ ಆಗುತ್ತದಲ್ಲ, ಅದಕ್ಕೆ ಮೊದಲು ‘ಫೈಲಿನಲ್ಲಿ ಏನಾದರೂ ಇದೆಯಾ’ ಅಂತ ಕೇಳಿ, ಇಲ್ಲದಿದ್ದರೆ ನಿಲ್ಲಿಸು. ‘ಅಲ್ದಾ ಮತ್ತೆ’ ಅಂದ.

ಕಾರವಾರದ ಲ್ಯಾಬಿಗೆ ಆನ್ಸಿಬಲ್. ಮೂರು ಕಂಪನಿಯ ಸ್ವಿಚ್, ವರ್ಷ ವರ್ಷ ಬದಲಾಗುವ ಸಹಾಯಕರು. ಬರೆದವರು ಬಿಟ್ಟುಹೋದರೂ ಓದಿದರೆ ಅರ್ಥವಾಗಬೇಕು. ಅವರ ಕಟ್ಟಡ ಒಂದೇ, ಲಿಂಕ್ ಕಡಿಯುವ ಭಯ ಕಮ್ಮಿ, ಹಾಗಾಗಿ ಹೊರಗಿನಿಂದ ಓಡಿಸುವುದರಲ್ಲಿ ನಷ್ಟ ಇಲ್ಲ. ಜುನಿಪರ್ ಪೆಟ್ಟಿಗೆಗೆ ಒಂದೇ ಒಂದು ಸ್ಲ್ಯಾಕ್ಸ್ ಕಮಿಟ್ ಸ್ಕ್ರಿಪ್ಟ್, ಇಪ್ಪತ್ತು ಸಾಲಿನದ್ದು, ನಾನೇ ಬರೆದುಕೊಟ್ಟೆ. ಅದನ್ನು ಅವರು ಮುಟ್ಟಬೇಕಾಗಿಲ್ಲ.

ಕುಮಟಾದ ಹುಡುಗಿಗೆ ಪೈಥಾನ್, ಬೇರೆ ಮಾತಿಲ್ಲ. ಕೆಲಸಕ್ಕೆ ಹೋದ ಕಡೆ ಯಾವ ಪೆಟ್ಟಿಗೆ ಇರುತ್ತದೋ ಗೊತ್ತಿಲ್ಲ, ಪೈಥಾನ್ ಎಲ್ಲ ಕಡೆ ನಡೆಯುತ್ತದೆ. ಆನ್ಸಿಬಲ್‌ನ ಷರತ್ತುಗಳೂ ಅದೇ ಧಾಟಿಯವು, ಒಂದು ಬಂದರೆ ಇನ್ನೊಂದು ಅರ್ಧ ಬಂದಂತೆ. ಅವಳಿಗೆ ಒಂದು ಮನೆಗೆಲಸ ಕೊಟ್ಟಿದ್ದೇನೆ. ಬರೆದ ಪ್ರತಿ ನಾಟ್‌ಗೂ ಮೂರು ಬುಟ್ಟಿ ಕೊಟ್ಟು ನೋಡು: ಬಂಗಡೆ ಮಾತ್ರ ಇರುವುದು, ಬೆರಕೆ ಇರುವುದು, ಖಾಲಿ ಇರುವುದು. ಉತ್ತರ ಏನು ಬರಬೇಕು ಅಂತ ಓಡಿಸುವ ಮೊದಲೇ ಕನ್ನಡದಲ್ಲಿ ಪಕ್ಕದಲ್ಲಿ ಬರೆ. ಮೊನ್ನೆ ಕಳಿಸಿದ ಫೈಲಿನಲ್ಲಿ ಹನ್ನೊಂದು ನಾಟ್ ಇದ್ದವು. ನಾಲ್ಕರ ಪಕ್ಕ ‘ಇಲ್ಲ’ ಅಂತ ಬರೆದು, ಕೋಡಿನಲ್ಲಿ ‘ಅಲ್ಲ’ ಹಾಕಿದ್ದಳು. ಖಾಲಿ ಬುಟ್ಟಿ ಕೊಟ್ಟಾಗ ಅವಳಿಗೇ ಗೊತ್ತಾಯಿತಂತೆ, ನನಗೆ ಫೈಲ್ ಬರುವಷ್ಟರಲ್ಲಿ ಮೂರು ತಿದ್ದಿಯಾಗಿತ್ತು.